ಕೆಂಚ ಕಾಯುತ್ತಿದ್ದ ಜಗಲಿ

ಕಳೆದ ತಿಂಗಳು ಒಂದು ಭಾನುವಾರ ಬೆಂಗಳೂರಿನಿಂದ ಮೊಮ್ಮಗಳು ಫೋನ್ ಮಾಡಿದ್ದಳು. ಐದನೇ ಕ್ಲಾಸಿನ ಹುಡುಗಿ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂಬ ವಿಚಾರಣೆಯೆಲ್ಲ ಮುಗಿದ ಮೇಲೆ, "ತಾತ, ಬೆಕ್ಕಿಗೆ ನಮ್ಮ ಮೇಲೆ ನಿಜವಾಗ್ಲೂ ಪ್ರೀತಿ ಇರುತ್ತಾ? ಇಲ್ಲಾ ಬರೀ ಹಾಲಿಗೋಸ್ಕರ ಬರುತ್ತಾ?" ಎಂದು ಕೇಳಿದಳು. ಅವಳ ಗೆಳತಿಯ ಮನೆಯಲ್ಲಿ ನಾಯಿ ಇದೆಯಂತೆ. ನಾಯಿಗೆ ಯಜಮಾನ ಮುಖ್ಯ, ಬೆಕ್ಕಿಗೆ ಮನೆ ಮುಖ್ಯ, ಯಜಮಾನ ಯಾರಾದರೂ ಅದಕ್ಕೆ ಒಂದೇ ಎಂದು ಆ ಗೆಳತಿ ವಾದ ಮಾಡಿದಳಂತೆ. ಇವಳಿಗೆ ಉತ್ತರ ಹೊಳೆಯಲಿಲ್ಲವಂತೆ.

"ಬರೆದು ಕಳಿಸ್ತೀನಿ ಬಿಡು ಪುಟ್ಟಿ" ಎಂದೆ. ಫೋನಿನಲ್ಲಿ ಹೇಳಿ ಮುಗಿಸುವ ಉತ್ತರವಲ್ಲ ಅದು. ಗೆಳತಿ ಹೇಳಿದ ಮಾತನ್ನೇ ನಂಬಿ ನಾನೂ ಒಮ್ಮೆ ಒಂದು ಕೆಲಸ ಮಾಡಿದ್ದೆ. ಅದನ್ನು ಹೇಳದೆ ಉತ್ತರ ಹೇಳಲು ಬರುವುದಿಲ್ಲ.

1979ರಿಂದ ಏಳು ವರ್ಷ ನಾನು ಮಳವಳ್ಳಿಯಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದೆ. ಮಾರೇಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಬಾಡಿಗೆ ಮನೆ. ಹೆಂಚಿನ ಮಾಡು, ಮುಂದೆ ಕೆಂಪು ಗಾರೆಯ ಜಗಲಿ. 1981ರ ಮಳೆಗಾಲದಲ್ಲಿ ಪಕ್ಕದ ರಾಗಿ ಮಂಡಿಯ ಗೋಣಿಚೀಲಗಳ ಸಂದಿಯಲ್ಲಿ ಬೆಕ್ಕೊಂದು ಮರಿ ಹಾಕಿತ್ತು. ಅದರಲ್ಲಿ ಉಳಿದದ್ದು ಒಂದೇ ಒಂದು, ಕೆಂಚು ಬಣ್ಣದ್ದು. ನನ್ನ ಹೆಂಡತಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಕೆಂಚ ಎಂದು ಹೆಸರಾಯಿತು. (ಮಕ್ಕಳೇ, ಕೆಂಚು ಬೆಕ್ಕುಗಳಲ್ಲಿ ಹೆಚ್ಚಿನವು ಗಂಡು. ಕಪ್ಪು, ಬಿಳಿ, ಕೆಂಚು ಮೂರೂ ಬಣ್ಣ ಇರುವ ಬೆಕ್ಕು ಕಂಡರೆ ಅದು ಹೆಣ್ಣೆಂದು ಧೈರ್ಯವಾಗಿ ಹೇಳಬಹುದು, ತಪ್ಪುವುದು ತೀರಾ ಅಪರೂಪ.)

ಅನ್ನ ಹಾಕುತ್ತಿದ್ದವಳು ಅವಳು. ಆದರೆ ಕೆಂಚ ಹಚ್ಚಿಕೊಂಡದ್ದು ನನ್ನನ್ನು. ಏಕೆಂದು ಇವತ್ತಿಗೂ ಗೊತ್ತಿಲ್ಲ. ಸಂಜೆ ಬ್ಯಾಂಕು ಮುಗಿಸಿ ನಾನು ಬರುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಕುಳಿತಿರುತ್ತಿದ್ದ. ನನ್ನನ್ನು ಕಂಡ ಕೂಡಲೇ ಬಾಲವನ್ನು ಧ್ವಜಸ್ತಂಭದ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು ಮುಂದೆ ಮುಂದೆ ನಡೆಯುತ್ತಿದ್ದ, ನನಗೇ ನನ್ನ ಮನೆಯ ದಾರಿ ತೋರಿಸುವವನಂತೆ. ಆಗೆಲ್ಲ ಕಂಪ್ಯೂಟರ್ ಇಲ್ಲ. ಜೂನ್ 30 ಮತ್ತು ಡಿಸೆಂಬರ್ 31ರಂದು ಲೆಡ್ಜರ್‌ಗಳ ಬಡ್ಡಿಯನ್ನೆಲ್ಲ ಕೈಯಲ್ಲೇ ಲೆಕ್ಕ ಹಾಕಿ ಅರ್ಧವರ್ಷದ ಲೆಕ್ಕ ಮುಗಿಸಬೇಕು. ಹನ್ನೆರಡು ಪೈಸೆ ವ್ಯತ್ಯಾಸ ಬಂದರೆ ರಾತ್ರಿ ಹನ್ನೊಂದಾದರೂ ಯಾರೂ ಏಳುವಂತಿಲ್ಲ. ಅಂಥ ರಾತ್ರಿಗಳಲ್ಲೂ ತಿರುವಿನಲ್ಲಿ ಎರಡು ಕಣ್ಣು ಹೊಳೆಯುತ್ತಿದ್ದವು. ಹೆಂಡತಿ ಮಗ ಮಲಗಿ ನಿದ್ದೆ ಹೋಗಿರುತ್ತಿದ್ದರು. ಕೆಂಚ ಎದ್ದಿರುತ್ತಿದ್ದ.

1986ರಲ್ಲಿ ನನಗೆ ಮದ್ದೂರಿಗೆ ವರ್ಗವಾಯಿತು. ದೂರವೇನಲ್ಲ, ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಆದರೆ ಅಲ್ಲಿ ಸಿಕ್ಕ ಮನೆಯ ಮಾಲೀಕರು ನಾಯಿ ಬೆಕ್ಕು ಬೇಡ ಎಂದರು. ನಾನೂ ಹೆಚ್ಚು ಕೇಳಿಕೊಳ್ಳಲಿಲ್ಲ. ನಮ್ಮ ಕಡೆ ಒಂದು ಮಾತಿದೆಯಲ್ಲ, ನಾಯಿ ಆಳಿಗೆ, ಬೆಕ್ಕು ಮನೆಗೆ ಅಂತ. ಅದನ್ನು ನಾಲ್ಕು ಜನರ ಬಾಯಲ್ಲಿ ಕೇಳಿಸಿಕೊಂಡೆ. "ಬೆಕ್ಕಿಗೆ ಜಾಗ ಬದಲಾಯಿಸಿದರೆ ಆಗಲ್ಲ, ಇಲ್ಲೇ ಇದ್ದರೆ ಅದಕ್ಕೇ ಒಳ್ಳೇದು" ಎಂದು ಹೆಂಡತಿಗೆ ಹೇಳಿದೆ. ಪಕ್ಕದ ಮನೆಯ ಅಜ್ಜಿಯ ಕೈಗೆ ಹಾಲಿಗೆಂದು ಹತ್ತು ರೂಪಾಯಿ ಇಟ್ಟೆ. ಹೊಸದಾಗಿ ಬಂದ ಬಾಡಿಗೆಯವರೂ ಒಳ್ಳೆಯವರು, ನೋಡಿಕೊಳ್ಳುತ್ತೇವೆ ಎಂದರು. ಲೆಕ್ಕ ಸರಿಹೋಯಿತು ಎಂದುಕೊಂಡೆ.

ಸಾಮಾನಿನ ಲಾರಿ ಹೊರಟಾಗ ಕೆಂಚ ತಿರುವಿನವರೆಗೆ ಓಡಿ ಬಂದ. ಅಲ್ಲಿ, ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ, ಕುಳಿತುಕೊಂಡ. ಆರು ವರ್ಷದ ನನ್ನ ಮಗ ಲಾರಿಯಲ್ಲಿ ನನ್ನ ತೊಡೆಯ ಮೇಲೆ ಕುಳಿತು ಗೋಳೋ ಎಂದು ಅತ್ತ. ಅವನನ್ನು ಗದರಿಸಿದೆ. ಹೆಂಡತಿ ಕೆ.ಎಂ.ದೊಡ್ಡಿ ದಾಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಹತ್ತೊಂಬತ್ತು ದಿನ ಕಳೆದ ಮೇಲೆ ರೇಷನ್ ಕಾರ್ಡಿನ ಕೆಲಸಕ್ಕೆ ಮಳವಳ್ಳಿಗೆ ಹೋದೆ. ಕೆಲಸ ಮುಗಿಯುವಾಗ ಸಂಜೆಯಾಗಿತ್ತು. ಹಾಗೇ ಒಮ್ಮೆ ನೋಡಿಕೊಂಡು ಬರೋಣ ಎಂದು ಆ ಬೀದಿಗೆ ತಿರುಗಿದರೆ, ತಿರುವಿನಲ್ಲಿ ಒಂದು ಬೆಕ್ಕು ಕುಳಿತಿದೆ. ಮೊದಲು ಕೆಂಚ ಎಂದು ಗುರುತೇ ಹತ್ತಲಿಲ್ಲ. ಪಕ್ಕೆಲುಬು ಎಣಿಸಬಹುದಿತ್ತು, ಮೈಯ ಕೂದಲು ಮಂಕಾಗಿತ್ತು. ಯಾವಾಗಲೂ ನಾಲಿಗೆಯಿಂದ ನೆಕ್ಕಿ ನೆಕ್ಕಿ ಮೈ ಹೊಳೆಯುವಂತೆ ಇಟ್ಟುಕೊಳ್ಳುವ ಪ್ರಾಣಿ ಅದನ್ನೂ ಬಿಟ್ಟಿತ್ತು.

ಅಜ್ಜಿ ಜಗಲಿಯಿಂದಲೇ ಕೂಗಿದರು. "ಬಂದ್ಯಾ ಮಗ? ಆಲು ಮಡಗುದ್ರೆ ಮೂತಿ ತಿರುಗುಸ್ತದೆ ಕನಪ್ಪ. ಹಗಲೆಲ್ಲ ಈ ಜಗಲಿ ಮ್ಯಾಲೆ ಬಿದ್ದಿರ್ತದೆ. ಬೈಗಾಗ್ತಿದ್ದಂಗೆ ಎದ್ದೋಗಿ ಅಲ್ಲಿ ಕುಂತ್ಕತದೆ. ಕತ್ತಲಾದ್ಮೇಲೆ ತಿರುಗಾ ಬತ್ತದೆ. ದಿನಾ ಇದೇಯ."

ಮನೆ ಅಲ್ಲೇ ಇತ್ತು. ಅದೇ ಜಗಲಿ, ಅದೇ ಹೆಂಚು, ಅದೇ ಅಡುಗೆಮನೆಯ ಕಿಟಕಿ. ಹಾಲು ಹಾಕುವವರು ಒಬ್ಬರಲ್ಲ, ಇಬ್ಬರು. ಬೆಕ್ಕಿಗೆ ಬೇಕಾದದ್ದು ಮನೆ ಮತ್ತು ಹಾಲು ಎಂಬುದು ನಿಜವಾಗಿದ್ದರೆ ಕೆಂಚನಿಗೆ ಯಾವುದು ಕಡಿಮೆಯಾಗಿತ್ತು? ಬಿ.ಕಾಂ. ಓದಿದವನು ನಾನು. ಎರಡೂ ಕಡೆಯ ಮೊತ್ತ ತಾಳೆಯಾಗದಿದ್ದರೆ ಎಲ್ಲೋ ಒಂದು ಬಾಬ್ತು ಬಿಟ್ಟುಹೋಗಿದೆ ಎಂದು ತಿಳಿಯದಷ್ಟು ದಡ್ಡನಲ್ಲ. ಬಿಟ್ಟುಹೋದ ಬಾಬ್ತು ನಾನೇ.

"ಕೆಂಚಾ" ಎಂದೆ. ಅವನು ಓಡಿ ಬರಲಿಲ್ಲ. ನನ್ನ ಕಡೆ ನೋಡಿ, ಮುಖ ತಿರುಗಿಸಿ, ಮತ್ತೆ ನೋಡಿದ. ಆಮೇಲೆ ನಿಧಾನವಾಗಿ ಬಂದು ನನ್ನ ಚಪ್ಪಲಿ ಮೂಸಿದ. ಮೂಸಿ ಮೂಸಿ, ಅದುವರೆಗೆ ನಾನು ಕೇಳಿರದ ಒಂದು ದನಿಯಲ್ಲಿ ಕೂಗತೊಡಗಿದ. ಬೀದಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು.

ಮೇದರ ಅಂಗಡಿಯಿಂದ ಮುಚ್ಚಳದ ಬಿದಿರು ಬುಟ್ಟಿ ತಂದು, ಕೆಂಚನನ್ನು ಕೂರಿಸಿ, ಹುರಿಯಿಂದ ಬಿಗಿದು ರಾತ್ರಿಯ ಬಸ್ಸು ಹತ್ತಿದೆ. ಕಂಡಕ್ಟರು "ಏನ್ ಸಾರ್, ಕೋಳಿನಾ?" ಎಂದರು. ಧೈರ್ಯ ಸಾಲದೆ ಹೂಂ ಎಂದೆ. ಅಷ್ಟರಲ್ಲಿ ಕೋಳಿ ಮಿಯಾಂವ್ ಎಂದಿತು. ಇಡೀ ಬಸ್ಸು ನಕ್ಕಿತು. ಮದ್ದೂರಿನ ಮನೆ ಮಾಲೀಕರನ್ನು ಒಪ್ಪಿಸಲು ಮಾತ್ರ ನಗು ಸಾಕಾಗಲಿಲ್ಲ. ಬಾಡಿಗೆಗೆ ತಿಂಗಳಿಗೆ ಐದು ರೂಪಾಯಿ ಸೇರಿತು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮದ್ದೂರಿಗೆ ಬಂದ ಕೆಂಚ ಹಳೆಯ ಕೆಂಚನಾಗಿರಲಿಲ್ಲ. ನಾನು ಒಂದು ಗಳಿಗೆ ಕಣ್ಣಿಗೆ ಮರೆಯಾಗುವಂತಿಲ್ಲ. ಬಚ್ಚಲಿಗೆ ಹೋದರೆ ಬಾಗಿಲು ಕೆರೆದು ಕೂಗುವುದು. ಬೆಳಿಗ್ಗೆ ಬ್ಯಾಂಕಿಗೆ ಹೊರಡಲು ಚಪ್ಪಲಿ ಮೆಟ್ಟಿದರೆ ಕಾಲಿಗೆ ಸುತ್ತಿಕೊಳ್ಳುವುದು. ರಾತ್ರಿ ನನ್ನ ಎದೆಯ ಮೇಲೆಯೇ ಮಲಗಬೇಕು. ಸ್ಟೇಷನ್ನಿನಿಂದ ಮದ್ದೂರು ವಡೆ ಕಟ್ಟಿಸಿಕೊಂಡು ಬಂದರೆ ನನ್ನ ಕೈಯ ಚೂರೇ ಅವನಿಗೆ ಬೇಕು. (ಆಗ ತಿಳಿಯದೆ ಕೊಟ್ಟೆ. ಈರುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುವ ವಿಷ. ಬೆಕ್ಕಿರುವ ಮನೆಯ ಮಕ್ಕಳು ದಯವಿಟ್ಟು ನೆನಪಿಟ್ಟುಕೊಳ್ಳಿ.) ನನಗೆ ಇದೆಲ್ಲ ಒಳಗೊಳಗೇ ಹೆಮ್ಮೆ. ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ, "ನೋಡಿ, ನನ್ನ ಬಿಟ್ಟು ಇರೋದೇ ಇಲ್ಲ."

ಆಮೇಲೆ ಎರಡು ದಿನದ ತರಬೇತಿಗೆ ಮೈಸೂರಿಗೆ ಹೋಗಿ ಬಂದೆ. ಬಂದು ನೋಡಿದರೆ ನನ್ನ ಹಾಸಿಗೆಯ ಮೇಲೆ, ಸರಿಯಾಗಿ ನಾನು ಮಲಗುವ ಜಾಗದಲ್ಲೇ, ಉಚ್ಚೆ ಹೊಯ್ದಿದ್ದ. ಐದು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿದವನಲ್ಲ. ಸಿಟ್ಟಿನಲ್ಲಿ ಕೈಯೆತ್ತಿದೆ. ಹೆಂಡತಿ ತಡೆದಳು. "ರೀ, ಮೊದಲು ಡಾಕ್ಟರಿಗೆ ತೋರಿಸಿ. ಬೇರೆ ಯಾರ ಹಾಸಿಗೇನೂ ಮುಟ್ಟಿಲ್ಲ ಅದು."

ಪಶು ಆಸ್ಪತ್ರೆಯಲ್ಲಿ ಎಮ್ಮೆ, ಕರುಗಳ ಸಾಲಿನಲ್ಲಿ ನಾನೊಬ್ಬ ಬೆಕ್ಕಿನವನು. ಡಾಕ್ಟರು ಪರೀಕ್ಷೆ ಮಾಡಿ ಮೂತ್ರದ ಕಾಯಿಲೆಯಿಲ್ಲ ಎಂದರು. ಹಿಂದಿನದನ್ನೆಲ್ಲ ಕೇಳಿದರು. ಎಲ್ಲ ಹೇಳಿದೆ, ಲಾರಿಯ ವಿಷಯವನ್ನೂ. ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಇದು ಹಠ ಅಲ್ಲ, ಸೇಡೂ ಅಲ್ಲ. ಭಯ. ನಿಮ್ಮ ವಾಸನೆ ಇರೋ ಜಾಗದಲ್ಲಿ ತನ್ನ ವಾಸನೆ ಸೇರಿಸಿಕೊಂಡು ಸಮಾಧಾನ ಮಾಡ್ಕೊಳ್ತದೆ. ಒಂದ್ಸಲ ಬಿಟ್ಟು ಹೋದವರು ಇನ್ನೊಂದ್ಸಲ ಹೋಗಲ್ಲ ಅಂತ ಅದಕ್ಕೆ ಏನು ಗ್ಯಾರಂಟಿ ಸಾರ್?"

ಹೆಮ್ಮೆಯೆಲ್ಲ ಇಳಿಯಿತು. ನಾನು ಪ್ರೀತಿ ಎಂದು ಊರಿಗೆಲ್ಲ ತೋರಿಸುತ್ತಿದ್ದುದರಲ್ಲಿ ಅರ್ಧ ಭಾಗ ಹೆದರಿಕೆ. ಕಲಿಸಿದವನು ನಾನು.

ಇನ್ನೊಂದು ಎಚ್ಚರಿಕೆಯನ್ನೂ ಅವರು ಹೇಳಿದರು. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ದರೆ ಅದನ್ನು ಮುನಿಸು ಎಂದು ಬಿಡಬಾರದು. ಮೈಯ ಕೊಬ್ಬೆಲ್ಲ ಕರಗಿ ಬಂದು ಈಲಿಯಲ್ಲಿ, ಎಂದರೆ ಪಿತ್ತಕೋಶದ ಪಕ್ಕದ ಲಿವರ್‌ನಲ್ಲಿ, ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು. ಮಳವಳ್ಳಿಯ ಜಗಲಿಯಲ್ಲಿ ಅವನು ಅಷ್ಟಿಷ್ಟು ಇಲಿ ಓತಿಕ್ಯಾತ ತಿಂದುಕೊಂಡಿದ್ದನೋ ಏನೋ, ಉಳಿದ.

ಮದ್ದು ಸುಲಭದ್ದೇ, ತಾಳ್ಮೆ ಬೇಕಾದದ್ದು. ಹೊರಡುವಾಗ ಮುದ್ದಿಸಿ, ಮಾತಾಡಿಸಿ ರಂಪ ಮಾಡಬಾರದು, ಸುಮ್ಮನೆ ಹೊರಡಬೇಕು. ಎರಡು ನಿಮಿಷಕ್ಕೆ ಹೋಗಿ ಬರಬೇಕು, ಆಮೇಲೆ ಐದು, ಆಮೇಲೆ ಹತ್ತು. ಹೋದವನು ಬರುತ್ತಾನೆ ಎಂಬುದು ಅಭ್ಯಾಸವಾಗಬೇಕು. ನಾನು ಹಾಕಿ ಬಿಟ್ಟ ಬನಿಯನ್ನನ್ನು ಒಗೆಯದೆ ಅವನ ಮಲಗುವ ಜಾಗದಲ್ಲಿ ಇಡಬೇಕು. ಬೇರೆಯವರ ಕೈಯಲ್ಲೂ ಊಟ, ಆಟ ಆಗಬೇಕು. ಮಗ ದಿನಾ ಹುರಿಗೆ ಕಾಗದದ ಉಂಡೆ ಕಟ್ಟಿ ಕೆಂಚನನ್ನು ಆಡಿಸಿದ. ಆರು ತಿಂಗಳು ಹಿಡಿಯಿತು.

ಆ ದಿನಗಳಲ್ಲೇ ಕೃಷಿ ಸಾಲದ ತಪಾಸಣೆಗೆಂದು ನಮ್ಮ ಫೀಲ್ಡ್ ಆಫೀಸರ ಜೊತೆ ಬೆಕ್ಕಳಲೆಗೆ ಹೋಗಿದ್ದೆ. ಮದ್ದೂರು ತಾಲ್ಲೂಕಿನದೇ ಊರು. ಬೆಕ್ಕಿನಿಂದಲೇ ಊರಿಗೆ ಆ ಹೆಸರು ಎನ್ನುತ್ತಾರೆ. ಅಲ್ಲಿ ಮಂಗಮ್ಮ ದೇವಿಯನ್ನು ಬೆಕ್ಕಿನ ರೂಪದಲ್ಲಿ ಪೂಜಿಸುತ್ತಾರೆ. ಹಿಂದೊಂದು ಕಾಲದಲ್ಲಿ ದೇವಿ ಬೆಕ್ಕಾಗಿ ಬಂದು ಊರನ್ನು ಕೇಡಿನಿಂದ ಕಾಪಾಡಿದಳು, ಅವಳು ಮಾಯವಾದ ಜಾಗದಲ್ಲಿ ಹುತ್ತ ಎದ್ದಿತು ಎಂಬುದು ಅಲ್ಲಿಯವರ ನಂಬಿಕೆ. ಊರಿನಲ್ಲಿ ಯಾರೂ ಬೆಕ್ಕಿಗೆ ಹೊಡೆಯುವುದಿಲ್ಲ. ದಾರಿಯಲ್ಲಿ ಸತ್ತ ಬೆಕ್ಕು ಕಂಡರೆ ಅದನ್ನು ಮಣ್ಣು ಮಾಡದೆ ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ನಮ್ಮ ಆಫೀಸರೋ, ಬೆಕ್ಕು ಅಡ್ಡ ಬಂದರೆ ಸ್ಕೂಟರ್ ನಿಲ್ಲಿಸಿ ಐದು ನಿಮಿಷ ಕಾಯುವವರು. ಆ ಊರಲ್ಲಿ ಅವರ ಪಾಡು ನೋಡಬೇಕಿತ್ತು.

ಮಜ್ಜಿಗೆ ಕೊಟ್ಟ ಮನೆಯ ಮುದುಕಿಯೊಬ್ಬರ ಹತ್ತಿರ ಮಾತಿಗೆ ಮಾತು ಬಂದು ಕೆಂಚನ ಕಥೆ ಹೇಳಿದೆ. ಭೇಷ್ ಎನ್ನುತ್ತಾರೆ ಎಂದುಕೊಂಡಿದ್ದೆ, ಹೋಗಿ ಕರೆದುಕೊಂಡು ಬಂದೆನಲ್ಲ. ಆಕೆ ಚೊಂಬು ಕೆಳಗಿಟ್ಟು ನನ್ನ ಮುಖ ನೋಡಿದರು. "ಅದೆಲ್ಲ ಸರಿ ಕನ ಸೋಮಿ. ಮದ್ಲು ಬುಟ್ಬುಟ್ಟು ಬರಾಕೆ ಎಂಗಾರ ಮನ್ಸು ಬತ್ತು ನಿಮ್ಗೆ?"

ಉತ್ತರ ಕೊಡಲಿಲ್ಲ. ಸಾಲದ ಕಾಗದ ತಿರುವಿ ಹಾಕುತ್ತಾ ಕುಳಿತೆ.

ಪುಟ್ಟಿ, ನಿನ್ನ ಪ್ರಶ್ನೆಗೆ ಈಗ ವಿಜ್ಞಾನಿಗಳ ಉತ್ತರವೂ ಇದೆ. ಅಮೆರಿಕದ ಆರಿಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಬೆಕ್ಕಿನ ಮರಿ ಮತ್ತು ಸಾಕುವವರು ಹೊಸ ಕೋಣೆಯೊಂದರಲ್ಲಿ ಎರಡು ನಿಮಿಷ ಇರುತ್ತಾರೆ. ಆಮೇಲೆ ಸಾಕುವವರು ಎರಡು ನಿಮಿಷ ಹೊರಗೆ ಹೋಗುತ್ತಾರೆ. ಮತ್ತೆ ಬಂದು ಎರಡು ನಿಮಿಷ ಕೂರುತ್ತಾರೆ. ಬಂದಾಗ ಮರಿ ಏನು ಮಾಡುತ್ತದೆ ಎಂಬುದೇ ಪರೀಕ್ಷೆ. ಲೆಕ್ಕಕ್ಕೆ ಸಿಕ್ಕ 70 ಮರಿಗಳಲ್ಲಿ ನೂರಕ್ಕೆ 64ರಷ್ಟು ಬಂದವರನ್ನು ಮಾತಾಡಿಸಿ, ಸಮಾಧಾನವಾಗಿ, ಮತ್ತೆ ಕೋಣೆ ನೋಡಲು, ಆಡಲು ಹೋದವು. ಇವು ನೆಮ್ಮದಿಯ ನಂಟು ಇರುವವು. ಉಳಿದವುಗಳಲ್ಲಿ ಕೆಲವು ಬಿಡದೆ ಅಂಟಿಕೊಂಡವು, ಕೆಲವು ದೂರ ಸರಿದವು. ಮನುಷ್ಯರ ಕೂಸುಗಳಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ. ಅದೇ ವರ್ಷ ಜಪಾನಿನ ಸಂಶೋಧಕರು ಬೆಕ್ಕು ತನ್ನ ಹೆಸರನ್ನು ಅದೇ ಬಗೆಯ ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತದೆ ಎಂದು ತೋರಿಸಿದರು. ಕರೆದಾಗ ಬರುವುದು ಬಿಡುವುದು ಅದರ ಇಷ್ಟ, ಆ ಮಾತು ಬೇರೆ.

ಇನ್ನು ಹಾಲಿನ ವಿಷಯ. ದೊಡ್ಡ ಬೆಕ್ಕುಗಳಲ್ಲಿ ಅನೇಕವಕ್ಕೆ ಹಾಲು ಅರಗುವುದೇ ಇಲ್ಲ, ಹೊಟ್ಟೆ ಕೆಡುತ್ತದೆ. ನಿನ್ನ ಗೆಳತಿಗೆ ಹೇಳು. ತೆನಾಲಿ ರಾಮಕೃಷ್ಣ ಸುಡುವ ಹಾಲಿಟ್ಟು ಬೆಕ್ಕನ್ನು ಹೆದರಿಸಿದ ಕಥೆಗೆ ಚಿಕ್ಕವನಾಗಿದ್ದಾಗ ಬಿದ್ದು ಬಿದ್ದು ನಗುತ್ತಿದ್ದೆ. ಈಗ ಹೇಳಲು ಹೋದರೆ ಆ ಬೆಕ್ಕಿನ ಸುಟ್ಟ ನಾಲಿಗೆಯೇ ನೆನಪಾಗುತ್ತದೆ. ಕೃಷ್ಣದೇವರಾಯ ನಕ್ಕಿರಬಹುದು, ಬಿಡಿ.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನವರು ಮೇಲುಕೋಟೆಯವರು. ಪ್ರಯೋಗ ಗೀಯೋಗ ಬರುವುದಕ್ಕೆ ಎಷ್ಟೋ ವರ್ಷ ಮೊದಲು ಅವರು ನನಗೆ ಶ್ರೀವೈಷ್ಣವರ ಎರಡು ನ್ಯಾಯ ಹೇಳಿದ್ದರು. ಕೋತಿಯ ಮರಿ ತಾನೇ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಅಪ್ಪಿ ಹಿಡಿಯಬೇಕು, ಕೈ ಬಿಟ್ಟರೆ ಬಿದ್ದಂತೆ. ಅದು ಮರ್ಕಟ ನ್ಯಾಯ, ವಡಗಲೆಯವರದು. ಬೆಕ್ಕಿನ ಮರಿ ಏನೂ ಮಾಡಬೇಕಾಗಿಲ್ಲ, ತಾಯಿಯೇ ಕತ್ತಿನ ಚರ್ಮ ಕಚ್ಚಿ ಎತ್ತಿಕೊಂಡು ಹೋಗುತ್ತಾಳೆ. ಅದು ಮಾರ್ಜಾಲ ನ್ಯಾಯ, ತೆಂಗಲೆಯವರದು. ದೇವರನ್ನು ಹೇಗೆ ನಂಬಬೇಕು ಎಂಬುದಕ್ಕೆ ಹೇಳಿದ ಮಾತು. ನಾನು ಅದನ್ನು ಕೆಂಚನಿಗೆ ಅನ್ವಯಿಸಿ, "ಸ್ವಾಮಿ, ನಮ್ಮನೆಯದು ಬೆಕ್ಕಾಗಿ ಹುಟ್ಟಿ ಕೋತಿಮರಿ ಥರ ಹಿಡ್ಕೊಂಡಿದೆ" ಎಂದಿದ್ದೆ. ಅವರು ನಗಲಿಲ್ಲ. "ಹಿಡಿದೋರು ಒಂದ್ಸಲ ಕೈ ಬಿಟ್ಟಿರಬೇಕು" ಎಂದು ನೋಟು ಎಣಿಸುವುದನ್ನು ಮುಂದುವರಿಸಿದರು.

1991ರಲ್ಲಿ ಮಂಡ್ಯಕ್ಕೆ ವರ್ಗವಾದಾಗ ಲಾರಿಗೆ ಮೊದಲು ಏರಿದ್ದು ಕೆಂಚನ ಬುಟ್ಟಿ. ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ, ಹಳೆಯ ಚಾಪೆ, ಹಳೆಯ ಬನಿಯನ್ನಿನ ಜೊತೆ ಇಟ್ಟೆವು. ಮೂರು ವಾರ ಹೊರಗೆ ಬಿಡಲಿಲ್ಲ. ಆಮೇಲೆ ಸಂಜೆ ಗೇಟಿನ ಕಂಬದ ಮೇಲೆ ಕೂರತೊಡಗಿದ. 1994ರಲ್ಲಿ, ಹದಿಮೂರು ವರ್ಷದವನಾಗಿ ಸತ್ತ. ಹಿತ್ತಲ ನುಗ್ಗೆಮರದ ಬುಡದಲ್ಲಿ ಮಣ್ಣು ಮಾಡಿದೆವು.

ಈಗಿರುವವಳು ಕೌದಿ. ಮೂರು ಬಣ್ಣದ ತೇಪೆ ಹಾಕಿದಂತಿದ್ದಾಳೆಂದು ನನ್ನ ಹೆಂಡತಿಯೇ ಇಟ್ಟ ಹೆಸರು. ಅವಳ ಬೆಕ್ಕು ಅದು. ನಾಲ್ಕು ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ಕೌದಿ ಅವಳ ಶಾಲಿನ ಮೇಲೆ ಒಂದು ತಿಂಗಳು ಮಲಗಿತು. ಶಾಲನ್ನು ಒಗೆಯಲು ಬಂದವರಿಗೆ ಬೇಡ ಎಂದೆ. ಕೈಯಲ್ಲಿ ಮೊಸರನ್ನದ ತುತ್ತು ಹಿಡಿದು ನೆಲದ ಮೇಲೆ ಕೂರುತ್ತಿದ್ದೆ. ತಿಂದರೆ ತಿಂದಿತು, ಇಲ್ಲದಿದ್ದರೆ ಇಬ್ಬರೂ ಸುಮ್ಮನೆ ಕೂತಿರುತ್ತಿದ್ದೆವು. ಒಂದು ದಿನ ಶಾಲಿನಿಂದ ಎದ್ದು ಬಂದು ನನ್ನ ಕಾಲ ಮೇಲೆ ಮಲಗಿತು. ಈಗ ನಾನು ಪೇಪರ್ ಓದುವಾಗ ಎದುರಿಗೆ ಕುಳಿತು ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತದೆ. ನಾನೂ ಹಾಗೇ ಮಾಡುತ್ತೇನೆ. ಅದು ಬೆಕ್ಕಿನ ಭಾಷೆಯಲ್ಲಿ ನೆಮ್ಮದಿಯ ಮಾತು. ಮಾಡಿ ನೋಡಿ, ನಿಮ್ಮ ಬೆಕ್ಕೂ ಉತ್ತರ ಕೊಡಬಹುದು.

ಮಂಡಿ ನೋವು ಹೆಚ್ಚಾಗಿ, ಒಬ್ಬನೇ ಇರುವುದು ಕಷ್ಟವಾಗಿ, ಬೆಂಗಳೂರಿಗೆ ಬಂದುಬಿಡಿ ಎಂದು ಮಗ ಒಂದು ವರ್ಷದಿಂದ ಹೇಳುತ್ತಿದ್ದಾನೆ. ಮೊನ್ನೆ ಒಪ್ಪಿದೆ. "ಕೌದಿ?" ಎಂದು ಕೇಳಿದೆ.

"ಅಪ್ಪ, ಬೆಕ್ಕು ಮನೆಗೆ ಒಗ್ಗಿಕೊಂಡಿರುತ್ತೆ. ಅಪಾರ್ಟ್‌ಮೆಂಟಲ್ಲಿ ಅದಕ್ಕೇ ಹಿಂಸೆ. ಮೇಲಿನ ಮನೆಯವರು ನೋಡ್ಕೊಳ್ತಾರೆ, ದುಡ್ಡು ಕಳಿಸೋಣ."

ಒಂದು ಕ್ಷಣ ನನ್ನದೇ ದನಿ ಕೇಳಿಸಿದಂತಾಯಿತು. "ಮಗ, ಲಾರಿ ನೆನಪಿದೆಯಾ?" ಎಂದೆ.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಫೋನ್ ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ, "ಬುಟ್ಟಿ ಎಷ್ಟು ದೊಡ್ಡದು ಬೇಕಾಗುತ್ತೆ?" ಎಂದು ಕೇಳಿದ.

ಬುಟ್ಟಿ ಹುಡುಕಲು ಪೇಟೆ ಬೀದಿಯಲ್ಲಿ ಎರಡು ಸುತ್ತು ಹಾಕಿದೆ. ಈಗೆಲ್ಲ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಬಂದಿವೆ, ನನಗೆ ಬಿದಿರಿನದೇ ಬೇಕಿತ್ತು. ಹತ್ತು ದಿನದಿಂದ ಅದು ನಡುಮನೆಯಲ್ಲಿ ಮುಚ್ಚಳ ತೆರೆದುಕೊಂಡು ಕುಳಿತಿದೆ. ಒಳಗೆ ನನ್ನ ಹಳೆಯ ಬನಿಯನ್, ಅದರ ಕೆಳಗೆ ಅವಳ ಶಾಲು. ಮೊದಲ ಮೂರು ದಿನ ಕೌದಿ ಅದರ ಸುತ್ತ ಸುಳಿದಾಡಿತು. ನಾಲ್ಕನೇ ದಿನ ಒಳಗೆ ಮಲಗಿತು. ನಿನ್ನೆ ಮುಚ್ಚಳ ಹಾಕಿ, ಆಟೋದಲ್ಲಿ ಪಕ್ಕದಲ್ಲಿಟ್ಟುಕೊಂಡು ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ವಾಪಸ್ ಬಂದೆ. ಆಟೋದವನು "ಎಲ್ಲಿಗೆ ಸಾರ್?" ಎಂದ. "ಎಲ್ಲಿಗೂ ಇಲ್ಲಪ್ಪ, ಹೋಗಿ ಬರೋದು ಅಷ್ಟೆ" ಎಂದೆ. ದಾರಿಯಲ್ಲಿ ಎರಡೇ ಸಲ ಕೂಗಿತು. ನಾಳೆ ಇನ್ನೂ ಸ್ವಲ್ಪ ದೂರ ಹೋಗಬೇಕು.